ಹತ್ತು ಆಜ್ಞೆಗಳು ಕೇರಿಗೆ ಬಂದಾಗ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕ್ರೈಸ್ತರ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ ಒಂದೇ: ಇವರು ಆ ಧರ್ಮಕ್ಕೆ ಯಾಕೆ ಹೋದರು? ಬರಗಾಲದ ಗಂಜಿಗಾಗಿ ಎನ್ನುವವರಿದ್ದಾರೆ, ಮಕ್ಕಳ ಶಾಲೆಗಾಗಿ ಎನ್ನುವವರಿದ್ದಾರೆ, ಊರ ದೊಡ್ಡವರ ಕಾಟಕ್ಕೆ ಬೇಸತ್ತು ಎನ್ನುವವರೂ ಇದ್ದಾರೆ. ಮೂರೂ ಉತ್ತರಗಳಲ್ಲಿ ಅಷ್ಟಿಷ್ಟು ನಿಜವಿದೆ. ಆದರೆ ಉತ್ತರ ಸಿಕ್ಕೊಡನೆ ಇತಿಹಾಸ ಮುಗಿಯಿತೆಂದು ಪುಸ್ತಕ ಮುಚ್ಚುವ ರೂಢಿ ನಮ್ಮಲ್ಲಿದೆ. ದೀಕ್ಷಾಸ್ನಾನ ಒಂದು ದಿನದ ಕೆಲಸ. ಮರುದಿನ ಬೆಳಿಗ್ಗೆ ಆ ಮನುಷ್ಯ ಎದ್ದು ಹೊಲಕ್ಕೆ ಹೋಗಬೇಕು, ಗೌಡರ ಮನೆ ಮುಂದೆ ನಿಲ್ಲಬೇಕು, ಸಂತೆ ಮಾಡಬೇಕು, ಮಗಳ ಮದುವೆ ಮಾಡಬೇಕು, ಸತ್ತವರನ್ನು ಮಣ್ಣು ಮಾಡಬೇಕು. ಆತ ಕಲಿತ ಉಪದೇಶ ಈ ಕೆಲಸಗಳ ನಡುವೆ ಎಲ್ಲಿ ಕುಳಿತಿತು? ನನ್ನ ವಾದ ಇಷ್ಟು: ಈ ಸೀಮೆಗೆ ಕ್ರೈಸ್ತ ಸಿದ್ಧಾಂತ ಮೊದಲು ಬಂದದ್ದು ಕಟ್ಟಳೆಯಾಗಿ, ತಿಳಿವಳಿಕೆಯಾಗಿ ಬಂದದ್ದು ಆಮೇಲೆ. ಬಾಯಿಪಾಠ ಮಾಡಿದ ಕೆಲವು ಮಾತುಗಳು ದಿನದ, ವಾರದ, ವರ್ಷದ ನಡತೆಯನ್ನು ಬದಲಿಸಿದವು. ಅವುಗಳ ಅರ್ಥ ಬಹಳ ಮಂದಿಗೆ ಹೊಳೆದದ್ದು ಆ ನಡತೆಯ ಬೆಲೆ ತೆತ್ತ ಮೇಲೆ. ಇವರಿಗೆ ಸಿದ್ಧಾಂತದ ಗಂಧವೇ ಇರಲಿಲ್ಲ ಎಂಬ ಹಳೆಯ ಆಕ್ಷೇಪ ಈ ಕಾರಣಕ್ಕೇ ನಿಲ್ಲುವುದಿಲ್ಲ.

ನೆಲ ಎಂಥದೆಂದು ಮೊದಲು ನೋಡಬೇಕು. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ಈ ನಾಡಿಗೆ ದೇವರ, ಗುರುವಿನ ಬಡತನ ಯಾವತ್ತೂ ಇರಲಿಲ್ಲ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಮೂಡಲಗಿಯಲ್ಲಿ ಶಿವಬೋಧರಂಗ ಸ್ವಾಮಿಗಳ ಮಠವಿದೆ. ಅರಭಾವಿಯಲ್ಲಿ, ನಿಡಸೋಸಿಯಲ್ಲಿ ದುರದುಂಡೀಶ್ವರ ಮಠಗಳಿವೆ. ದಕ್ಷಿಣಕ್ಕೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ, ಅಂದರೆ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬರುವುದಕ್ಕೆ ಹದಿನಾಲ್ಕು ವರ್ಷ ಮೊದಲೇ. ಸ್ವಲ್ಪ ವರ್ಷಗಳಲ್ಲಿ ವಿಲಿಯಂ ಬೇನನ್ ಬಂದು ಜೊತೆಗೂಡಿದರು. ಬೆಳಗಾವಿಯ ಬೇನನ್ ಸ್ಮಿತ್ ಶಾಲೆಯ ಹೆಸರಿನಲ್ಲಿ ಅವರ ನೆನಪು ಉಳಿದಿದೆ. ಆದರೂ ಎಂಬತ್ತಕ್ಕೂ ಹೆಚ್ಚು ವರ್ಷ ಬೆಳಗಾವಿಯಲ್ಲಿದ್ದ ಲಂಡನ್ ಮಿಶನ್ನಿನ ಸಭೆ ಚಿಕ್ಕದಾಗಿಯೇ ಉಳಿಯಿತು. 1904ರಲ್ಲಿ ಆ ಕ್ಷೇತ್ರ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಗೆ ಹೋಯಿತು. ಹಳ್ಳಿಗಳ ದಲಿತ ಕೇರಿಗಳು ಮನೆಮಂದಿ ಸಮೇತ ಗುಂಪಾಗಿ ದೀಕ್ಷಾಸ್ನಾನಕ್ಕೆ ಬಂದದ್ದು ಅದಾದ ಮೇಲಿನ ದಶಕಗಳಲ್ಲಿ. ಈ ಕಾಲಕ್ರಮವೇ ಗಂಜಿಯ ವಾದವನ್ನು ಅರ್ಧ ಸಡಿಲಿಸುತ್ತದೆ. 1876–78ರ ಮಹಾಬರದಲ್ಲಿ ಮಿಶನ್ ಬೆಳಗಾವಿಯಲ್ಲಿ ಇದ್ದೇ ಇತ್ತು. ಹಸಿವೊಂದೇ ಕಾರಣವಾಗಿದ್ದರೆ ಕೇರಿಗಳು ಆಗಲೇ ಬರಬೇಕಿತ್ತು.

ಬಂದವರಿಗೆ ಏನು ಕಲಿಸಿದರು? ಪಟ್ಟಿ ಚಿಕ್ಕದು. ಕರ್ತನ ಪ್ರಾರ್ಥನೆ, ಅಪೊಸ್ತಲರ ವಿಶ್ವಾಸಪ್ರಮಾಣ, ಹತ್ತು ಆಜ್ಞೆಗಳು, ನಾಲ್ಕಾರು ಹಾಡುಗಳು, ಯೇಸುವಿನ ಕೆಲವು ಸಾಮ್ಯಗಳು. ಕಲಿಸುವವನು ಹೆಚ್ಚಾಗಿ ಕೇರಿಯಿಂದಲೇ ಬಂದು ನಾಲ್ಕಕ್ಷರ ಕಲಿತ ಉಪದೇಶಿ; ಒಬ್ಬೊಬ್ಬನಿಗೆ ನಾಲ್ಕೈದು ಹಳ್ಳಿ. ಕಲಿಯುವವರಿಗೆ ಓದು ಬರುತ್ತಿರಲಿಲ್ಲ. ಹಗಲು ಬಿಡುವೂ ಇರಲಿಲ್ಲ. ಹೀಗಾಗಿ ಪಾಠ ನಡೆಯುತ್ತಿದ್ದದ್ದು ರಾತ್ರಿ, ಬಾಯಿಂದ ಬಾಯಿಗೆ, ಡೊಳ್ಳಿನ ಹಾಡು, ಭಜನಿ ಪದ ಕಲಿಯುವ ಹಾಗೆಯೇ. ಸತ್ಯವೇದ ಕನ್ನಡದಲ್ಲಿ 1831ರಷ್ಟು ಹಿಂದೆಯೇ ಅಚ್ಚಾಗಿತ್ತು, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ. ಆದರೆ ಗೋಕಾಕ ಭಾಗದ ಕೇರಿಗೆ ಆ ಪುಸ್ತಕ ಮೊದಲು ತಲುಪಿದ್ದು ಕಿವಿಯ ದಾರಿಯಲ್ಲಿ. ಇದರ ಮೇಲೆ ಮೆಥಡಿಸ್ಟರದೇ ಆದ ಇನ್ನೊಂದು ಪದರವಿತ್ತು. ಜಾನ್ ವೆಸ್ಲಿ 1743ರಲ್ಲಿ ತನ್ನ ಸಂಘಗಳಿಗೆ ಬರೆದುಕೊಟ್ಟ ಸಾಮಾನ್ಯ ನಿಯಮಗಳನ್ನು ಅಮೆರಿಕದ ಮೆಥಡಿಸ್ಟರು ತಮ್ಮ ಶಿಸ್ತಿನ ಪುಸ್ತಕದಲ್ಲಿ ಉಳಿಸಿಕೊಂಡಿದ್ದರು. ಕೇಡು ಮಾಡಬೇಡ, ಒಳಿತು ಮಾಡು, ದೇವರು ನೇಮಿಸಿದ ಆರಾಧನೆಗೆ ತಪ್ಪಬೇಡ: ಈ ಮೂರು ತಲೆಬರಹಗಳ ಕೆಳಗೆ ಬರುವ ವಿವರಗಳು ಬಹಳ ಮೂರ್ತವಾದವು. ಹೆಂಡ ಕುಡಿಯಬಾರದು, ಮಾರಲೂಬಾರದು. ಸಹೋದರನ ಮೇಲೆ ಕೋರ್ಟಿಗೆ ಹೋಗಬಾರದು. ಅನ್ಯಾಯದ ಬಡ್ಡಿ ತಿನ್ನಬಾರದು. ತೀರಿಸುವ ದಾರಿ ಕಾಣದೆ ಸಾಲ ತರಬಾರದು. ಚಿನ್ನ ತೊಡಬಾರದು ಎಂದೂ ಇದೆ. ಆ ಕಾಲದ ಕೇರಿಯವರಿಗೆ ಆ ನಿಯಮ ಮುರಿಯುವ ಅವಕಾಶವೇ ಇರಲಿಲ್ಲವೆನ್ನಿ. ವೆಸ್ಲಿಯ ಸಿದ್ಧಾಂತದಲ್ಲಿ ಕೃಪೆ ಮೊದಲು, ನಂಬಿಕೆಯಿಂದ ನೀತಿವಂತನೆಂಬ ಎಣಿಕೆ ಎರಡನೆಯದು, ಜೀವಮಾನವಿಡೀ ನಡೆಯುವ ಪವಿತ್ರೀಕರಣ ಮೂರನೆಯದು. ಇದನ್ನು ಈ ಕ್ರಮದಲ್ಲಿ ವಿವರಿಸಬಲ್ಲವರು ಉಪದೇಶಿಗಳಲ್ಲೂ ಕಡಿಮೆ ಇದ್ದಿರಬೇಕು. ಕೇರಿಗೆ ಇಳಿದದ್ದು ಮೂರನೆಯದರ ವಿವರಪಟ್ಟಿ.

ಈ ಪಟ್ಟಿ ಊರಿನ ವ್ಯವಸ್ಥೆಗೆ ಮೊದಲು ತಾಗಿದ್ದು ಜಾತ್ರೆಯಲ್ಲಿ. ಗೋಕಾಕದ ಗ್ರಾಮದೇವತೆಯ ಜಾತ್ರೆ ಐದು ವರ್ಷಕ್ಕೊಮ್ಮೆ ಬರುತ್ತದೆ. ಸುತ್ತಲ ಹಳ್ಳಿಗಳಲ್ಲೂ ದ್ಯಾಮವ್ವ, ದುರ್ಗವ್ವ, ಲಕ್ಷ್ಮೀದೇವಿಯರ ಜಾತ್ರೆಗಳು ತಮ್ಮ ತಮ್ಮ ಲೆಕ್ಕದಲ್ಲಿ ನಡೆಯುತ್ತವೆ. ಹಳೆಯ ಕಾಲದಲ್ಲಿ ಕೋಣನ ಬಲಿಯಿದ್ದ ಈ ಹಬ್ಬಗಳಲ್ಲಿ ಹಲಗಿ ಬಾರಿಸುವುದು, ಬಲಿಯ ಕೆಲಸದಲ್ಲಿ ಗೊತ್ತಾದ ಪಾಲು ಹೊರುವುದು, ಆಮೇಲೆ ಮಾಂಸದ ಪಾಲು ಪಡೆಯುವುದು ಕೇರಿಯವರಿಗೆ ಕಟ್ಟಿಟ್ಟ ಸೇವೆ. ಅದು ಭಕ್ತಿಯೂ ಹೌದು, ಹೊಟ್ಟೆಯ ಲೆಕ್ಕವೂ ಹೌದು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಪಡೆಯುವ ಆಯದ ಕಾಳಿಗೆ ಈ ಸೇವೆಯೇ ಆಧಾರ. ಮಿಣಿ, ಬಾರುಕೋಲಿನ ಬಾರು, ಬಾವಿಯ ನೀರೆತ್ತುವ ಚರ್ಮದ ಚೀಲ ಕೊಡುವುದು, ಸತ್ತ ದನ ಎಳೆಯುವುದು, ಜಾತ್ರೆಗೆ ಹಲಗಿ ಬಾರಿಸುವುದು, ಇವೆಲ್ಲ ಒಂದೇ ಕಟ್ಟಿನ ಕಡ್ಡಿಗಳು. ಒಂದನ್ನು ಬಿಟ್ಟು ಉಳಿದವನ್ನು ಇಟ್ಟುಕೊಳ್ಳುವೆನೆಂದರೆ ಊರು ಒಪ್ಪುತ್ತಿರಲಿಲ್ಲ. ಅಂಥಲ್ಲಿ ಮೊದಲನೆಯ ಆಜ್ಞೆ, ಅನ್ಯದೇವರುಗಳು ಬೇಡವೆಂಬುದು, ಧ್ಯಾನದ ವಿಷಯವಾಗಿ ಉಳಿಯಲಾರದು. ಹಲಗಿ ಎತ್ತಿಕೊಳ್ಳಬೇಕೋ ಬಾರದೋ ಎಂಬ ಪ್ರಶ್ನೆಯಾಗಿ ಅದು ಬಾಗಿಲಿಗೆ ಬಂದು ನಿಲ್ಲುತ್ತದೆ. ಎತ್ತಿಕೊಳ್ಳದಿದ್ದವನಿಗೆ ಆಯ ನಿಲ್ಲುತ್ತದೆ, ಬಾವಿಯ ದಾರಿ ಮುಚ್ಚುತ್ತದೆ, ಸಾಲದ ಹಳೆಯ ಕಾಗದ ಹೊರಬರುತ್ತದೆ. ದಕ್ಷಿಣ ಭಾರತದ ಉದ್ದಕ್ಕೂ, ಕೇರಿಗಳು ಗುಂಪಾಗಿ ಕ್ರೈಸ್ತರಾದ ಕಡೆಯೆಲ್ಲ ಊರಿಗೂ ಕೇರಿಗೂ ಜಗಳ ಹತ್ತಿಕೊಂಡದ್ದು ತ್ರಿಯೇಕತ್ವದ ಮೇಲೆ ಅಲ್ಲ, ವಾದ್ಯ ಮತ್ತು ಬಿಟ್ಟಿ ಚಾಕರಿಯ ಮೇಲೆ.

ಮಾಂಸದ ಪಾಲಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಹಲಗಿ ಬಾರಿಸದೆ ಇರಬಹುದು. ನೆಂಟರ ಮನೆಯಿಂದ ಬಂದ ಜಾತ್ರೆಯ ಪಾಲನ್ನು ಏನು ಮಾಡುವುದು? ಇದೇ ಸಂಗತಿಯನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8 ಮತ್ತು 10ನೇ ಅಧ್ಯಾಯಗಳಲ್ಲಿ ಬಿಡಿಸಲು ಹೆಣಗಿದ್ದಾನೆ. ವಿಗ್ರಹಕ್ಕೆ ಶಕ್ತಿಯಿಲ್ಲ, ಆದ್ದರಿಂದ ಅದರ ಮುಂದಿಟ್ಟ ಮಾಂಸವೂ ಬರೀ ಮಾಂಸ ಎಂದು ಒಂದು ಕಡೆ ಒಪ್ಪುತ್ತಾನೆ. ಅಂಗಡಿಯಲ್ಲಿ ಮಾರುವುದನ್ನು ಪ್ರಶ್ನೆ ಮಾಡದೆ ಕೊಂಡು ತಿನ್ನಿರಿ ಎನ್ನುತ್ತಾನೆ. ಆದರೆ ಇದು ನೈವೇದ್ಯದ್ದೆಂದು ಯಾರಾದರೂ ತಿಳಿಸಿದರೆ, ಆ ತಿಳಿಸಿದವನ ಮನಸ್ಸಾಕ್ಷಿಯ ಸಲುವಾಗಿ ತಿನ್ನಬೇಡಿರಿ. ನಿಮ್ಮ ಸ್ವಾತಂತ್ರ್ಯ ದುರ್ಬಲನಿಗೆ ಎಡವುಗಲ್ಲಾಗಬಾರದು ಎನ್ನುತ್ತಾನೆ. ಯುರೋಪಿನ ಓದುಗರಿಗೆ ಈ ಅಧ್ಯಾಯಗಳು ಶತಮಾನಗಳಿಂದ ಬರೀ ಪಾಠವಾಗಿ, ದೃಷ್ಟಾಂತವಾಗಿ ಉಳಿದಿದ್ದವು. ಅವರ ಅಂಗಡಿಯ ಮಾಂಸ ಯಾವ ದೇವತೆಯ ಮುಂದೆಯೂ ಹೋಗಿ ಬಂದದ್ದಲ್ಲ. ಘಟಪ್ರಭೆಯ ದಂಡೆಯಲ್ಲಿ ಅದೇ ಅಧ್ಯಾಯಗಳು ಆ ವರ್ಷದ ಜಾತ್ರೆಗೆ ಬೇಕಾದ ತೀರ್ಪು. ಪೌಲನ ಕೊರಿಂಥಕ್ಕೂ ಈ ಹಳ್ಳಿಗಳಿಗೂ ನಡುವೆ ಇರುವ ದೂರ, ಕೊರಿಂಥಕ್ಕೂ ಲಂಡನ್ನಿಗೂ ನಡುವಿನ ದೂರಕ್ಕಿಂತ ಕಡಿಮೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಕಲಿಸಲು ಬಂದವನಿಗಿಂತ ಕಲಿಯಲು ಕೂತವನಿಗೆ ಈ ಪಾಠದ ಒಳಮರ್ಮ ಬೇಗ ತಾಗಿದ್ದರೆ ಆಶ್ಚರ್ಯವಿಲ್ಲ.

ಇದರ ಜೊತೆಗೇ ಬರುವುದು ಎಲ್ಲಮ್ಮನ ಹರಕೆ. ಮಕ್ಕಳ ಕಾಯಿಲೆಗೋ ಗಂಡುಸಂತಾನದ ಆಸೆಗೋ ಹೆಣ್ಣುಮಗುವಿಗೆ ಮುತ್ತು ಕಟ್ಟಿಸಿ ದೇವದಾಸಿಯಾಗಿ ಬಿಡುವ ಪದ್ಧತಿ ಈ ಜಿಲ್ಲೆಯ ದಲಿತ ಕೇರಿಗಳಲ್ಲಿ ಬಹಳ ಆಳವಾಗಿ ಬೇರುಬಿಟ್ಟಿತ್ತು. ಇದನ್ನು ತಡೆಯಲು ಮುಂಬಯಿ ಸರಕಾರ 1934ರಲ್ಲಿ ಒಂದು ಕಾಯಿದೆ ಮಾಡಿತು, ಕರ್ನಾಟಕ 1982ರಲ್ಲಿ ಇನ್ನೊಂದು ಮಾಡಿತು. ಎರಡು ಕಾಯಿದೆಗಳ ನಡುವಿನ ಅರ್ಧ ಶತಮಾನವೇ ಮೊದಲನೆಯದು ಎಷ್ಟು ಫಲಿಸಿತೆಂದು ಹೇಳುತ್ತದೆ. ಸಭೆಗೆ ಸೇರಿದ ಮನೆಯವರು ಮುತ್ತು ಕಟ್ಟಿಸಿದರೆ ಸಭೆಯಿಂದ ಹೊರಗೆ. ಇಲ್ಲಿ ಮೊದಲನೆಯ ಆಜ್ಞೆಯ ಜೊತೆ ವ್ಯಭಿಚಾರ ಬೇಡವೆಂಬ ಆಜ್ಞೆಯೂ ಸೇರಿಕೊಂಡಿತು. ಎಲ್ಲ ಮನೆಗಳೂ ಇದನ್ನು ಪಾಲಿಸಿದವೆಂದು ಹೇಳಲು ಬರುವುದಿಲ್ಲ. ಮಗು ಸಾಯುತ್ತಿರುವಾಗ ತಾಯಿ ಯಾವ ಗುಡ್ಡವನ್ನಾದರೂ ಹತ್ತುತ್ತಾಳೆ. ಆದರೆ ಬೇಡವೆನ್ನಲು ಒಂದು ಆಧಾರ, ಬೇಡವೆಂದವರ ಬೆನ್ನಿಗೆ ನಿಲ್ಲುವ ನಾಲ್ಕು ಮನೆ, ಸರಕಾರದ ಕಾಯಿದೆಗಿಂತ ಮೊದಲೇ ಕೇರಿಯೊಳಗೆ ಹುಟ್ಟಿಕೊಂಡಿದ್ದವು. ಕುಡಿತದ ಮಾತೂ ಹೀಗೆಯೇ. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ, 1949ರ ಕಾಯಿದೆಯಿಂದ ಇಲ್ಲಿ ಪಾನನಿಷೇಧ ಬಂತು. ಸಭೆಯ ನಿಷೇಧ ಅದಕ್ಕಿಂತ ದಶಕಗಳಷ್ಟು ಹಳೆಯದು, ಮತ್ತು ಪೊಲೀಸರಿಲ್ಲದೆ ನಡೆಯಬೇಕಾದದ್ದು.

ನಾಲ್ಕನೆಯ ಆಜ್ಞೆ, ವಿಶ್ರಾಂತಿಯ ದಿನದ್ದು, ಈ ಸೀಮೆಯಲ್ಲಿ ಎರಡು ಬಗೆಯ ಜನರಿಗೆ ಎರಡು ಬಗೆಯಾಗಿ ಸಿಕ್ಕಿತು. ಗೋಕಾಕ ಜಲಪಾತದ ಬಳಿ 1880ರ ದಶಕದಲ್ಲಿ ನೂಲಿನ ಗಿರಣಿ ಎದ್ದಿತು; ಧುಮ್ಮಿಕ್ಕುವ ನೀರಿನ ಬಲದಿಂದಲೇ ಯಂತ್ರ ತಿರುಗಿಸಿದ ಗಿರಣಿ ಅದು. 1890ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳ್ತನದಲ್ಲಿ ವಾರದ ರಜೆ ಗಿಟ್ಟಿಸಿದರು, ಮರುವರ್ಷದ ಫ್ಯಾಕ್ಟರಿ ಕಾಯಿದೆ ಅದನ್ನು ಕಟ್ಟಳೆ ಮಾಡಿತು. ಗಿರಣಿಗೆ ಹೋಗುವವನಿಗೆ ವಾರದ ಬಿಡುವು ಹೀಗೆ ಸರಕಾರವೇ ಕೊಟ್ಟ ಸವಲತ್ತು; ಅದನ್ನು ಆರಾಧನೆಗೆ ಬಳಸಲು ಯಾರ ಅಪ್ಪಣೆಯೂ ಬೇಡ. ಹೊಲದ ಕೂಲಿಗೆ, ಜೀತದ ಆಳಿಗೆ ಅಂಥ ಕಾಯಿದೆ ಇರಲಿಲ್ಲ. ಬಿತ್ತನೆಯ ದಿನ ಭಾನುವಾರ ಬಂದರೆ ಒಡೆಯ ಬಿಡುವುದಿಲ್ಲ, ಸಂತೆ ಭಾನುವಾರ ಇರುವ ಊರಲ್ಲಿ ಸಂತೆ ಬಿಟ್ಟರೆ ವಾರದ ಉಪ್ಪು ಮೆಣಸಿನಕಾಯಿ ಇಲ್ಲ. ಸಭೆ ಇಲ್ಲಿ ಬಗ್ಗಿತು. ಹಳ್ಳಿಗಳಲ್ಲಿ ಆರಾಧನೆ ರಾತ್ರಿಗೆ, ಉಪದೇಶಿ ಬರುವ ದಿನಕ್ಕೆ ಜರುಗಿತು. ಇದನ್ನು ಸಿದ್ಧಾಂತದ ಸೋಲೆಂದು ಎಣಿಸುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಸಬ್ಬತ್ ಮನುಷ್ಯನಿಗಾಗಿ ಇದೆ ಎಂದ ಯೇಸುವಿನ ತೀರ್ಪು ಅದೇ ಪುಸ್ತಕದಲ್ಲಿದೆ, ಮತ್ತು ಆ ತೀರ್ಪು ಬಂದದ್ದೂ ಹೊಲದ ನಡುವೆ, ಹಸಿದವರು ತೆನೆ ಮುರಿದು ತಿಂದ ಪ್ರಸಂಗದಲ್ಲಿ.

ಮದುವೆಯಲ್ಲಿ ಸಿದ್ಧಾಂತ ಕಾಯಿದೆಯ ಅಂಗಿ ತೊಟ್ಟು ಬಂತು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ದೇಶೀ ಕ್ರೈಸ್ತರಿಗೆಂದೇ ಒಂದು ಭಾಗ ಇಟ್ಟಿತ್ತು: ಗಂಡಿಗೆ ಹದಿನಾರು, ಹೆಣ್ಣಿಗೆ ಹದಿಮೂರು ವರ್ಷ ದಾಟಿರಬೇಕು, ಇಬ್ಬರಿಗೂ ಬದುಕಿರುವ ಗಂಡನೋ ಹೆಂಡತಿಯೋ ಇರಬಾರದು, ಇಬ್ಬರು ಸಾಕ್ಷಿಗಳ ಎದುರು ಪ್ರಮಾಣವಚನ ಆಡಬೇಕು. ಇಂದಿನ ಕಣ್ಣಿಗೆ ಹದಿಮೂರು ಎಳೆಯ ವಯಸ್ಸು, ಆದರೆ ತೊಟ್ಟಿಲ ಮದುವೆಗಳ ಕಾಲದಲ್ಲಿ ಅದೂ ಒಂದು ತಡೆ. ಇನ್ನೊಂದು ಬದಿಯಿಂದ ನೋಡಿದರೆ ಇದೇ ಕಟ್ಟಳೆ ಕೇರಿಯ ಹೆಣ್ಣಿನ ಒಂದು ಸ್ವಾತಂತ್ರ್ಯವನ್ನು ಕಿತ್ತುಕೊಂಡಿತು. ಬಾಳಲಾರದ ಗಂಡನನ್ನು ಪಂಚರ ಎದುರು ಸೋಡಚೀಟಿ ಪಡೆದು ಬಿಡುವ, ಉಡಿಕಿ ಮಾಡಿಕೊಂಡು ಇನ್ನೊಂದು ಮನೆ ಕಟ್ಟುವ ದಾರಿ ಅವಳಿಗೆ ಜಾತಿಯ ಕಟ್ಟಳೆಯಲ್ಲಿತ್ತು. ವಿಧವೆಗೆ ಮರುಮದುವೆ ಸಭೆಯಲ್ಲೂ ಉಂಟು. ಗಂಡ ಬದುಕಿರುವವಳಿಗೆ 1869ರ ವಿಚ್ಛೇದನ ಕಾಯಿದೆಯ ಬಾಗಿಲು ಮಾತ್ರ, ಅದೂ ಬಹಳ ಇಕ್ಕಟ್ಟಿನದು, ಕೋರ್ಟಿನ ದಾರಿಯದು. ವ್ಯಭಿಚಾರವೊಂದೇ ಗಂಡಸಿಗೆ ಸಾಕಾಗುವ ಕಾರಣ, ಹೆಂಗಸಿಗೆ ಅದರ ಜೊತೆ ಕ್ರೌರ್ಯವೋ ಪರಿತ್ಯಾಗವೋ ಸೇರಿರಬೇಕು. ಈ ತಾರತಮ್ಯ ಪೂರ್ತಿ ಅಳಿದದ್ದು 2001ರ ತಿದ್ದುಪಡಿಯಲ್ಲಿ. ಏಕಪತ್ನೀತ್ವದ ಬೋಧನೆಯಿಂದ ಕೇರಿಯ ಹೆಣ್ಣಿಗೆ ಲಾಭವೇ ಆಯಿತೆಂದು ಮಿಶನರಿಗಳ ಬರಹ ಹೇಳುತ್ತದೆ. ಸವತಿಯಿಲ್ಲದ ಮನೆ ಸಿಕ್ಕಿತು, ನಿಜ. ಕೆಟ್ಟ ಮದುವೆಯಿಂದ ಹೊರಬರುವ ಬಾಗಿಲು ಮುಚ್ಚಿತು ಎಂಬುದೂ ಅಷ್ಟೇ ನಿಜ, ಅದನ್ನು ಆ ಬರಹಗಳು ಲೆಕ್ಕಕ್ಕೆ ಹಿಡಿಯಲಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಹೆಸರಾದದ್ದು ಗಾಂಧೀಜಿಯವರದು. ಅಂಬೇಡ್ಕರರು 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದ ಮೇಲೆ ಮಿಶನ್ನುಗಳಲ್ಲಿ ಉತ್ಸಾಹ ಎದ್ದಿತ್ತು. 1936ರ ಕೊನೆಯಲ್ಲಿ ಅಮೆರಿಕದ ಮಿಶನ್ ಮುಖಂಡ ಜಾನ್ ಮಾಟ್ ಅವರೊಡನೆ ಮಾತಾಡುತ್ತ ಗಾಂಧೀಜಿ, ಅಸ್ಪೃಶ್ಯರಲ್ಲಿ ಕೆಲವರಿಗೆ ಧರ್ಮಧರ್ಮಗಳ ತಾರತಮ್ಯ ಅಳೆಯುವ ಶಕ್ತಿ ಹಸುವಿಗಿಂತ ಹೆಚ್ಚಿಲ್ಲ ಎಂಬ ಅರ್ಥದ ಮಾತಾಡಿದರು, ಅದು ‘ಹರಿಜನ’ ಪತ್ರಿಕೆಯಲ್ಲಿ ಅಚ್ಚಾಯಿತು. ಮಾತು ಕಟುವಾಯಿತೆಂದು ಆಗಲೇ ಹಲವರು ನೊಂದರು. ಕಟುತ್ವವನ್ನು ಬದಿಗಿಟ್ಟು ವಾದವನ್ನಷ್ಟೇ ತೆಗೆದುಕೊಂಡರೂ ಅದರಡಿಯಲ್ಲಿ ಒಂದು ಊಹೆಯಿದೆ: ಸಿದ್ಧಾಂತಗಳನ್ನು ಪಕ್ಕಪಕ್ಕ ಇಟ್ಟು ತೂಗಿ ಆರಿಸಿದವನು ಮಾತ್ರ ನಿಜವಾದ ವಿಶ್ವಾಸಿ. ಈ ಅಳತೆ ಹಿಡಿದರೆ ಮಠದ ಭಕ್ತರಲ್ಲಿ, ಮಸೀದಿಯ ನಮಾಜಿಗಳಲ್ಲಿ, ರೋಮಿನ ಕ್ರೈಸ್ತರಲ್ಲಿ ಎಷ್ಟು ಮಂದಿ ಉಳಿದಾರು? ಕೇರಿಯವನಿಗೆ ಮಾತ್ರ ಈ ಪರೀಕ್ಷೆ ಯಾಕೆ? ಇದಕ್ಕೆ ಎದುರಾಗಿ ನಮ್ಮ ಸೀಮೆಯ ಪಕ್ಕದಲ್ಲೇ ನಡೆದ ಇನ್ನೊಂದು ಪ್ರಸಂಗ ನೋಡಬೇಕು. 1840ರ ಸುಮಾರಿಗೆ ಧಾರವಾಡ, ಹುಬ್ಬಳ್ಳಿ ಕಡೆಯ ಕಾಲಜ್ಞಾನಿಗಳೆಂಬ ಗುಂಪು ಬಾಸೆಲ್ ಮಿಶನರಿಗಳ ಬೋಧನೆಯಲ್ಲಿ ತಮ್ಮ ಕಾಲಜ್ಞಾನದ ಭವಿಷ್ಯವಾಣಿಗಳು ಫಲಿಸಿದವೆಂದು ಕಂಡುಕೊಂಡಿತು. ಸಿದ್ಧಾಂತಕ್ಕೆ ಸಿದ್ಧಾಂತ ಕೂಡಿತು. ಸಾವಿರಗಟ್ಟಲೆ ಜನ ಬರುವರೆಂಬ ಭರವಸೆಯಲ್ಲಿ ಮಿಶನ್ನಿನವರು ಗದಗದ ಹತ್ತಿರ ಮಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದನ್ನೂ ಎಬ್ಬಿಸಿದರು. ಕುಲ ಬಿಟ್ಟು ಹೊರಬರುವ ಗಳಿಗೆ ಬಂದಾಗ ಆ ಗುಂಪು ಬರಲಿಲ್ಲ. ಅರ್ಥ ಮಾಡಿಕೊಂಡವರು ಹಿಂದೆ ಸರಿದರು. ಅರ್ಥವಾಗದವರೆಂದು ಹೆಸರಾದವರು ಆರೇಳು ದಶಕದ ಬಳಿಕ ಹಲಗಿ ಕೆಳಗಿಟ್ಟು ಆಯ ಕಳೆದುಕೊಂಡರು. ಇವೆರಡರಲ್ಲಿ ಯಾವುದನ್ನು ವಿಶ್ವಾಸ ಎನ್ನಬೇಕೆಂದು ಗಾಂಧೀಜಿಯವರ ಅಳತೆಗೋಲು ಹೇಳಲಾರದು.

ಮೆಥಡಿಸ್ಟ್ ಮಿಶನರಿ ವಾಸ್ಕಮ್ ಪಿಕೆಟ್ 1933ರಲ್ಲಿ ಭಾರತದ ಸಮೂಹ ಮತಾಂತರಗಳ ಮೇಲೆ ಪ್ರಕಟಿಸಿದ ಅಧ್ಯಯನವೂ ಈ ಕಡೆಗೇ ಕೈ ತೋರುತ್ತದೆ. ಯಾವ ಉದ್ದೇಶದಿಂದ ಬಂದರು ಎಂಬುದಕ್ಕಿಂತ, ಬಂದ ಮೇಲೆ ಎಂಥ ಶಿಕ್ಷಣ ಮತ್ತು ಆರಾಧನೆ ಸಿಕ್ಕಿತು ಎಂಬುದೇ ಅವರ ನಡತೆಯನ್ನು ಹೆಚ್ಚು ತೀರ್ಮಾನಿಸಿತು ಎಂದು ಅದು ಕಂಡಿತು. ಬರೆದವರು ಮಿಶನರಿ, ಆದ್ದರಿಂದ ಈ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಆದರೂ ಆತ ತನ್ನ ಸಭೆಗಳಿಗೇ ಇದನ್ನು ಬೈಗುಳವಾಗಿ ಬರೆದಂತಿದೆ: ಕಲಿಸುವವರಿಲ್ಲದ ಊರಲ್ಲಿ ದೀಕ್ಷಾಸ್ನಾನ ಕೊಟ್ಟು ಮರೆತಿದ್ದೀರಿ ಎಂದು.

ಅಂಬೇಡ್ಕರರ ಆಕ್ಷೇಪ ಗಾಂಧೀಜಿಯವರದಕ್ಕಿಂತ ಹರಿತ. ಅವರ ನಿಧನದ ನಂತರ ಬೆಳಕಿಗೆ ಬಂದ, ಮತಾಂತರಗೊಂಡವರ ಸ್ಥಿತಿಯ ಕುರಿತ ಪ್ರಬಂಧದಲ್ಲಿ ಅವರು ಹೇಳುವುದು ಹೀಗೆ: ಕ್ರೈಸ್ತ ಬೋಧನೆ ಮನುಷ್ಯನ ದುರ್ಗತಿಗೆ ಅವನ ಪಾಪವೇ ಕಾರಣವೆಂದಿತು, ಸುತ್ತಲಿನ ಸಮಾಜವೆನ್ನಲಿಲ್ಲ, ಹೀಗಾಗಿ ಮತಾಂತರಗೊಂಡ ಅಸ್ಪೃಶ್ಯನಿಗೆ ಸಮಾಜವನ್ನು ಬದಲಿಸುವ ಹಟ ಹುಟ್ಟಲಿಲ್ಲ, ಜಾತಿಯೂ ಸಭೆಯೊಳಗೆ ಹಾಗೆಯೇ ಉಳಿಯಿತು. ಎರಡನೆಯ ಮಾತಿಗೆ ಉತ್ತರವಿಲ್ಲ. ಪ್ರಭುಭೋಜನದ ಬಟ್ಟಲು ಒಂದೇ ಆದರೂ ಸಂಬಂಧ ಬೆಳೆಸುವಾಗ ಹೊಲಗೇರಿ ಮಾದಿಗಗೇರಿಗಳ ಗೆರೆ ಸಭೆಯಲ್ಲಿ ಅಳಿಯಲಿಲ್ಲ. ಒಂದೇ ರೊಟ್ಟಿ ಮುರಿಯುವವರು ಒಂದೇ ದೇಹ ಎಂಬುದು ಸಿದ್ಧಾಂತದ ಹೃದಯ. ಅದು ನಡತೆಗೆ ಇಳಿಯಲಿಲ್ಲವೆಂದರೆ ನನ್ನ ವಾದದ ಅಳತೆಯಿಂದಲೇ ಸಭೆ ಅಲ್ಲಿ ಸೋತಿದೆ. ಮೊದಲನೆಯ ಮಾತನ್ನು ಮಾತ್ರ ಪೂರ್ತಿ ಒಪ್ಪಲಾರೆ. ಪಾಪವೆಂದರೇನೆಂದು ಕಲಿಸುವಾಗ ಉಪದೇಶಿ ಕೊಟ್ಟ ಉದಾಹರಣೆಗಳು ಯಾವುವು? ಹಲಗಿ, ಸತ್ತ ದನ, ಮುತ್ತು ಕಟ್ಟುವುದು, ಹೆಂಡ. ಇವು ವೈಯಕ್ತಿಕ ದೋಷಗಳ ಹೆಸರಿನಲ್ಲಿ ಬಂದರೂ ಊರಿನ ವ್ಯವಸ್ಥೆ ಕೇರಿಯ ಮೇಲೆ ಹೊರಿಸಿದ ಕೆಲಸಗಳು. ಪಾಪ ಬಿಡುತ್ತೇನೆಂದು ಹೊರಟವನು ಬಿಟ್ಟದ್ದು ಚಾಕರಿಯನ್ನು. 1920ರ ದಶಕದಲ್ಲಿ ಅಂಬೇಡ್ಕರರೇ ಸತ್ತ ದನದ ಮಾಂಸ ಬಿಡಿರಿ, ಹೊಲಸು ಕೆಲಸ ಬಿಡಿರಿ ಎಂದು ಮಹಾಡದಲ್ಲಿ ಕರೆ ಕೊಟ್ಟರು. ಅಲ್ಲಿ ಅದು ಹಕ್ಕಿನ ಭಾಷೆಯಲ್ಲಿ ಬಂತು, ಇಲ್ಲಿ ಆಜ್ಞೆಯ ಭಾಷೆಯಲ್ಲಿ ಬಂದಿತ್ತು. ಆಜ್ಞೆಯ ಭಾಷೆಗೆ ಒಂದು ಕೊರತೆಯಿದೆ: ಅದು ಬಿಡಲು ಕಲಿಸುತ್ತದೆ, ಕೇಳಲು ಕಲಿಸುವುದಿಲ್ಲ. ಬಾವಿ, ಭೂಮಿ, ಓಟಿನ ಹೋರಾಟದಲ್ಲಿ ಸಭೆಗಳು ಮುಂದೆ ಕಾಣದಿರಲು ಇದೂ ಒಂದು ಕಾರಣವಿರಬೇಕು.

ಇದು ಪರದೇಶದ ಸಿದ್ಧಾಂತ, ನೆಲಕ್ಕೆ ಒಗ್ಗಲಿಲ್ಲ ಎಂಬ ಮೂರನೆಯ ಆಕ್ಷೇಪಕ್ಕೆ ಉದ್ದದ ಉತ್ತರ ಬೇಕಿಲ್ಲ. ಕಾಯಕ, ದಾಸೋಹಗಳ ಮಾತು ಕೇಳಿ ಬೆಳೆದ ನಾಡಿನಲ್ಲಿ ನಂಬಿಕೆಯನ್ನು ನಡೆಯಿಂದ ಅಳೆಯುವುದು ಹೊಸತೇನಲ್ಲ. ಮೆಥಡಿಸ್ಟರ ನಿಯಮಪಟ್ಟಿ ಇಲ್ಲಿ ಅಪರಿಚಿತವಾಗಿ ಕಾಣಲು ಕಾರಣವಿರಲಿಲ್ಲ. ಸಭಾಪಾಲಕರಾಗಿದ್ದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದರು, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕಥೋಲಿಕರಲ್ಲೂ, ಬೈಲಹೊಂಗಲ ಬದಿಯ ದೇಶನೂರಿನಲ್ಲಿ ಯೇಸುಸಭೆಯವರು ಕಾವಿಯುಟ್ಟು, ಮಠದ ಮಾದರಿಯಲ್ಲಿ ನೆಲೆ ಕಟ್ಟಿದರು. ಇಂಥ ಪ್ರಯತ್ನಗಳ ಬಗ್ಗೆ ನನಗೆ ಗೌರವವಿದೆ. ಆದರೆ ಪಂಡಿತರು ನೆಲದ ಉಡುಪು ಹುಡುಕುವ ಮೊದಲೇ, ಹಾರ್ಮೋನಿಯಂ ತಾಳ ಹಿಡಿದು ರಾತ್ರಿ ಭಜನೆಗೆ ಕೂತ ಕೇರಿಗಳು ಆ ಕೆಲಸವನ್ನು ಸದ್ದಿಲ್ಲದೆ ಮುಗಿಸಿದ್ದವು.

ಸ್ವಾತಂತ್ರ್ಯದ ನಂತರ ಪರೀಕ್ಷೆ ಬೇರೆ ದಿಕ್ಕಿನಿಂದ ಬಂತು. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ಹಿಂದೂ ಅಲ್ಲದವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಹಿಂದುಳಿದ ವರ್ಗದ ಪ್ರವರ್ಗ-1ರಲ್ಲಿ ಸೇರುತ್ತಾರೆ. ಲಾಭಕ್ಕಾಗಿ ಬಂದವರೆಂಬ ಮಾತು ನಿಜವಾಗಿದ್ದರೆ 1950ರ ಮರುವರ್ಷ ಸಭೆಗಳು ಬರಿದಾಗಬೇಕಿತ್ತು. ಹಾಗಾಗಲಿಲ್ಲ, ಆದರೆ ಆದದ್ದೂ ನೇರವಾಗಿಲ್ಲ. ದಲಿತ ಕ್ರೈಸ್ತರಿರುವ ಕಡೆಯಲ್ಲೆಲ್ಲ ಕಾಗದದಲ್ಲಿ ಒಂದು ಹೆಸರು, ಸಭೆಯಲ್ಲಿ ಇನ್ನೊಂದು ಎಂಬ ಬಾಳುವೆ ರೂಢಿಯಾಯಿತು. 2011ರ ಜನಗಣತಿ ಕರ್ನಾಟಕದ ಕ್ರೈಸ್ತರನ್ನು ಶೇ. 1.87 ಎನ್ನುತ್ತದೆ, ಬೆಳಗಾವಿ ಜಿಲ್ಲೆಯ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಆ ಅಂಕಿಯನ್ನು ಈ ರೂಢಿಯ ಜೊತೆಯಲ್ಲೇ ಓದಬೇಕು. ಇಲ್ಲಿ ಸುಳ್ಳುಸಾಕ್ಷಿ ಬೇಡವೆಂಬ ಆಜ್ಞೆ ನೇರವಾಗಿ ಚುಚ್ಚುತ್ತದೆ, ಅದನ್ನು ಸಭಾಪಾಲಕರು ಬಲ್ಲರು, ಜನವೂ ಬಲ್ಲರು. ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಸೆಲ್ವರಾಣಿ ಪ್ರಕರಣದಲ್ಲಿ, ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. ಕಾನೂನಿನ ತರ್ಕ ಸರಿ. ಆದರೆ ಕೇರಿ ಬಿಡದೆ, ಊರು ಇಟ್ಟ ದೂರ ಅಳಿಯದೆ, ಪ್ರಾರ್ಥಿಸುವ ದೇವರು ಬದಲಾದ ಒಂದೇ ಕಾರಣಕ್ಕೆ ಜಾತಿಯ ಗಾಯ ಮಾಯಿತೆಂದು ಬರೆದುಕೊಡುವುದರಲ್ಲೂ ಒಂದು ಸುಳ್ಳುಸಾಕ್ಷಿಯಿದೆ. ಅದಕ್ಕೆ ಸಹಿ ಹಾಕಿದ್ದು ಸರಕಾರ.

ಈಚಿನ ದಶಕಗಳಲ್ಲಿ ಪೆಂತೆಕೊಸ್ತ್ ಪ್ರಾರ್ಥನಾಕೂಟಗಳು ಎಲ್ಲ ತಾಲ್ಲೂಕುಗಳಲ್ಲೂ ಹರಡಿವೆ. ಉಪವಾಸ ಪ್ರಾರ್ಥನೆ, ಗುಣವಾಗುವುದು, ಬಿಡುಗಡೆ, ಸಾಕ್ಷಿ ಹೇಳುವುದು ಅಲ್ಲಿ ಮುಖ್ಯ. ಹತ್ತು ಆಜ್ಞೆಗಳ ಬಾಯಿಪಾಠ ಹಿಂದೆ ಸರಿದಿದೆ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ವಿಧಾನಸಭೆ ಮತಾಂತರ ತಡೆ ಮಸೂದೆಯನ್ನು ಅಂಗೀಕರಿಸಿದಾಗ ನಡೆದ ಚರ್ಚೆಯೆಲ್ಲ ಆಮಿಷದ ಸುತ್ತಲೇ ತಿರುಗಿತು, ಮತ್ತೆ ಅದೇ ‘ಯಾಕೆ ಹೋದರು’ ಎಂಬ ಪ್ರಶ್ನೆ. ಹೋದವರು ನೂರು ವರ್ಷ ಹೇಗೆ ಬಾಳಿದರು ಎಂಬುದಕ್ಕೆ ಸದನದಲ್ಲಿ ಜಾಗ ಸಿಗಲಿಲ್ಲ. ಅದರ ಪುರಾವೆ ಬೇರೆ ಕಡೆ ಇದೆ: ಸಭೆಗಳ ದೀಕ್ಷಾಸ್ನಾನದ ಪುಸ್ತಕಗಳಲ್ಲಿ, 1872ರ ಕಾಯಿದೆಯಂತೆ ಬರೆದಿಡಬೇಕಾದ ಮದುವೆಯ ದಾಖಲೆಗಳಲ್ಲಿ, ಸಭೆಯಿಂದ ಹೊರಹಾಕಿದವರ ಮತ್ತು ಮರಳಿ ಸೇರಿಸಿಕೊಂಡವರ ನಡಾವಳಿಗಳಲ್ಲಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸಭಾಪಾಲಕರು ತಮ್ಮ ಕಪಾಟುಗಳಲ್ಲಿರುವ ಇಂಥ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಪ್ರತಿ ತೆಗೆಸಿಡಬೇಕು; ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಇತಿಹಾಸ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಅವುಗಳನ್ನು ಓದಲು ಕೂರಬೇಕು.